ಮಡಿವಾಳರ ಹೊಂಡದ ಹಾಜರಿ

ನಾನು ಎಂ.ಎಸ್ಸಿ.ಗೆ ಸೇರಿದಾಗ ನನಗೆ ಅರವತ್ತಾರು ವರ್ಷ. ಜೀವವೈವಿಧ್ಯ ವಿಜ್ಞಾನ ಮತ್ತು ಸಂರಕ್ಷಣೆ ಎಂಬುದು ವಿಭಾಗದ ಪೂರ್ತಿ ಹೆಸರು. ಊರಿನವರು ಅದನ್ನು ಹಾಜರಿ ಡಿಪಾರ್ಟ್‌ಮೆಂಟ್ ಎನ್ನುತ್ತಾರೆ. ಸಂದರ್ಶನಕ್ಕೆ ಕೂತಿದ್ದವರು ಪ್ರೊಫೆಸರ್ ನಂಜುಂಡಾರಾಧ್ಯ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲದಲ್ಲಿ ಎರಡನೇ ಬೆಂಚಿನಲ್ಲಿ ಕೂತು ಉಗುರು ಕಡಿಯುತ್ತಿದ್ದವರು. ನನ್ನನ್ನು ಕಂಡೊಡನೆ ಎದ್ದು ನಿಂತುಬಿಟ್ಟರು.

“ಟೀಚರ್, ನಿಮ್ಮನ್ನ ಪ್ರಶ್ನೆ ಕೇಳೋ ಪಾಪ ನನಗೆ ಯಾಕೆ?”

“ಒಂಬತ್ತನೇ ಕ್ಲಾಸಿನಲ್ಲಿ ನಿಮಗೆ ಮೂವತ್ನಾಲ್ಕು ಕೊಟ್ಟು ಫೇಲ್ ಮಾಡಿದ್ದೆ. ಈಗ ತೀರಿಸ್ಕೊಳ್ಳಿ,” ಎಂದೆ.

ಅವರು ನಕ್ಕರು, ಆದರೆ ಕೂರಲಿಲ್ಲ. ನಾನು ಕೂತ ಮೇಲೆಯೇ ಕೂತರು. ಕೇಳಿದ್ದು ಒಂದೇ ಪ್ರಶ್ನೆ: ಈ ವಯಸ್ಸಿನಲ್ಲಿ ಈ ಓದು ಯಾಕೆ? ಬಿ.ಎಸ್ಸಿ. ಮುಗಿಸಿದ ವರ್ಷವೇ ಇಲ್ಲಿಗೆ ಅರ್ಜಿ ಹಾಕಿದ್ದೆ, ಆಗ ಮದುವೆ ಗೊತ್ತಾಯಿತು, ಅರ್ಜಿ ಹಾಗೇ ಉಳಿಯಿತು, ಅದನ್ನು ಈಗ ಮುಂದುವರಿಸುತ್ತಿದ್ದೇನೆ ಅಷ್ಟೇ ಎಂದೆ. ಗುಮಾಸ್ತರು ಬೀರು ಹುಡುಕಿ ಆ ಹಳೇ ಅರ್ಜಿಯನ್ನು ತಂದರು. ಹೊಸದೊಂದನ್ನು ಬರೆಸಲಿಲ್ಲ, ವಯಸ್ಸಿನ ಜಾಗದಲ್ಲಿ ಮಾತ್ರ ತಿದ್ದಿ ಸಹಿ ಹಾಕಿಸಿಕೊಂಡರು.

ತರಗತಿಯಲ್ಲಿ ನಾವು ಹನ್ನೊಂದು ಜನ. ನನ್ನ ಪಕ್ಕ ಕೂರುತ್ತಿದ್ದವಳು ನಾಜ್ನೀನ್, ದರ್ಜಿಯವರ ಮಗಳು, ಇಪ್ಪತ್ತೆರಡು ವರ್ಷ. ಸೇರಿದ ಮೂರನೇ ವಾರ ಬೆಂಚಿನ ಮೇಲೆ ನನ್ನ ಜಾಗದಲ್ಲಿ ತುಂಡುಬಟ್ಟೆಗಳನ್ನು ಸೇರಿಸಿ ಹೊಲಿದ ಮೆತ್ತೆಯೊಂದು ಬಂದು ಕೂತಿತ್ತು. ಯಾರು ತಂದದ್ದು ಎಂದು ಕೇಳಿದರೆ ಅವಳು ಕಿಟಕಿಯ ಕಡೆ ನೋಡಿದಳು. ನಾನೂ ಮತ್ತೆ ಕೇಳಲಿಲ್ಲ.

ಓದುವುದಕ್ಕೆ ನಮಗೆ ಇದ್ದದ್ದು ಮುಖ್ಯವಾಗಿ ಹಾಜರಿ ಪುಸ್ತಕಗಳು. ತೊಂಬತ್ತೆರಡು ವರ್ಷದವು, ಕೆಂಪು ರಟ್ಟಿನವು. ಮಳೆಗಾಲ ಅರ್ಧ ಕಳೆದ ಮೇಲೆ ಬರುವ ಹುಣ್ಣಿಮೆಯ ದಿನ ಬೆಳಗಿನ ಆರಕ್ಕೆ ಕಾಲೇಜಿನ ಗಂಟೆ ಹೊಡೆಯುತ್ತಾರೆ. ಊರಲ್ಲಿ ಇರುವ ಪ್ರತಿಯೊಂದು ಜಾತಿಯ ಜೀವವೂ ತನ್ನ ಪೈಕಿ ಒಂದನ್ನು ಒಳಾಂಗಣಕ್ಕೆ ಕಳಿಸುತ್ತದೆ. ಸಂಜೆ ಆರಕ್ಕೆ ಇನ್ನೊಂದು ಗಂಟೆ, ಅಲ್ಲಿಗೆ ಪುಸ್ತಕ ಮುಚ್ಚಿತು. ಹೊಂಗೆಮರ ಎಲೆಯೊಂದನ್ನು ಗಾಳಿಗೆ ಬಿಡುತ್ತದೆ, ಅದು ಗುಮಾಸ್ತರ ಮೇಜಿನ ಮೇಲೆಯೇ ಬೀಳುತ್ತದೆ. ಮುಂಗುಸಿ ಬರುತ್ತದೆ, ನಾಗರವೂ ಬರುತ್ತದೆ. ಅಂಗಳದ ಬಾವಿಯ ಈಚೆ ಒಂದು ಕೂತರೆ ಆಚೆ ಇನ್ನೊಂದು. ಮೀನುಗಳು ಕಾಲುವೆಯಲ್ಲಿ ಬಂದು ತಲೆ ತೋರಿಸಿ ಹೋಗುತ್ತವೆ. ಗುಮಾಸ್ತರು ಹೆಸರಿನ ಮುಂದೆ ಗುರುತು ಹಾಕಿ, ಬಂದ ಹೊತ್ತನ್ನು ಬರೆಯುತ್ತಾರೆ. ನಿಯಮಗಳು ಎರಡೇ. ಯಾರನ್ನೂ ಎತ್ತಿಕೊಂಡು ತರುವಂತಿಲ್ಲ. ಯಾರೂ ಯಾರನ್ನೂ ದಾಟಿಕೊಂಡು ಒಳಗೆ ಬರುವಂತಿಲ್ಲ.

ಪುಸ್ತಕದ ಕೊನೆಯ ಹೆಸರು ಮನುಷ್ಯ. ಅದಕ್ಕೆ ಪುರಸಭೆಯ ಅಧ್ಯಕ್ಷರೇ ಬರುವುದು ವಾಡಿಕೆ. ಹೆಗಲ ಮೇಲೆ ಶಾಲು ಹಾಕಿಕೊಂಡು, ಸಂಜೆ ಐದೂಮುಕ್ಕಾಲರ ಹೊತ್ತಿಗೆ, ಸ್ವಲ್ಪ ಕೆಮ್ಮುತ್ತಾ ಬರುತ್ತಾರೆ.

ಸತತ ಮೂರು ವರ್ಷ ಬಾರದಿದ್ದ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ. ಗೆರೆ ಬಿದ್ದ ಜೀವ ಇದ್ದ ಜಾಗ ಪುರಸಭೆಗೆ ಸೇರುತ್ತದೆ.

ಎರಡನೇ ವರ್ಷದ ಪ್ರಬಂಧಕ್ಕೆ ವಿಷಯ ಹಂಚುವಾಗ ಆರಾಧ್ಯ ಮೇಷ್ಟ್ರು ನನ್ನ ಮುಂದೆ ಒಂದು ಹೆಸರಿಟ್ಟರು: ಮಡಿವಾಳರ ಹೊಂಡದ ಕೆಂಪಂಚಿನ ಬಸವನಹುಳು. ತೊಂಬತ್ತು ವರ್ಷ ಒಂದು ಸಲವೂ ತಪ್ಪದೆ ಬಂದದ್ದು, ಕಳೆದ ಎರಡು ವರ್ಷ ಬಂದಿಲ್ಲ. ಕಾಲೇಜಿನ ಹಿಂದಿನ ಓಣಿಯ ತುದಿಯಲ್ಲಿರುವ ಹೊಂಡ ಅದು. ಊರಿನ ಬೇರೆಲ್ಲೂ ಆ ಹುಳುವಿಲ್ಲ. ಈ ವರ್ಷವೂ ಬಾರದಿದ್ದರೆ ಹೊಂಡವನ್ನು ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡಲು ಪುರಸಭೆಯಲ್ಲಿ ಠರಾವು ಆಗಿತ್ತು. ಹೊಂಡದ ದಡದಲ್ಲಿ ಇಂದಿಗೂ ನಾಲ್ಕು ಮನೆಯವರು ಬಟ್ಟೆ ಒಗೆಯುತ್ತಾರೆ.

“ಅದರ ಅಂತ್ಯದ ಬಗ್ಗೆ ಒಂದು ಅಚ್ಚುಕಟ್ಟಾದ ಪ್ರಬಂಧ ಬರೀರಿ ಟೀಚರ್,” ಎಂದರು. “ತೊಂಬತ್ತು ವರ್ಷದ ಅಂಕಿ ಇದೆ. ನಿಮಗೆ ಓಡಾಟ ಇರೋಲ್ಲ.”

ಅದು ಅವರ ದಯೆ. ನನ್ನ ಮಂಡಿ ನೋವು ಅವರಿಗೆ ಗೊತ್ತಿತ್ತು. ಆದರೆ ನಾನು ಮಾರನೆಯ ದಿನವೇ ಕೊಡೆ ಹಿಡಿದು ಹೊಂಡಕ್ಕೆ ಹೋದೆ. ನಮ್ಮ ವಿಭಾಗದಲ್ಲಿ ಹಾಗೆ ಹೋಗುವ ಪದ್ಧತಿ ಇರಲಿಲ್ಲ. ಬಂದವರನ್ನು ಎಣಿಸುವುದು ಶಾಸ್ತ್ರ, ಅವರ ಮನೆಗೆ ಹೋಗಿ ಇಣುಕುವುದು ಅಸಭ್ಯತೆ ಎಂದು ನಮಗೆ ಮೊದಲನೇ ಪಾಠದಲ್ಲೇ ಹೇಳಿದ್ದರು. ನಾನು ಇಣುಕಿದೆ. ಒಗೆಯುವ ಕಲ್ಲುಗಳ ಸಂದಿಯಲ್ಲಿ, ಪಾಚಿಯ ಮೇಲೆ, ಅಂಟುವಾಳಕಾಯಿಯಷ್ಟು ಗಾತ್ರದ, ಬಾಯಂಚಿಗೆ ಕುಂಕುಮ ಸವರಿದಂತಿದ್ದ ಇಪ್ಪತ್ಮೂರು ಹುಳುಗಳು ಕಂಡವು. ಕೊಡೆಯನ್ನು ಪಕ್ಕಕ್ಕಿಟ್ಟು ಮತ್ತೊಮ್ಮೆ ಎಣಿಸಿದೆ. ಇಪ್ಪತ್ನಾಲ್ಕು.

ಮೇಷ್ಟ್ರಿಗೆ ಹೇಳಿದಾಗ ಅವರು ತುಂಬ ಹೊತ್ತು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು.

“ಇದ್ದರೆ ಸಾಲದು ಟೀಚರ್. ಬರಬೇಕು.”

“ಯಾಕೆ ಬರ್ತಿಲ್ಲ ಅಂತ ಕೇಳೋಣವಲ್ಲ.”

“ಅದನ್ನ ಪುಸ್ತಕ ಹೇಳೋಲ್ಲ.”

“ಅದಕ್ಕೇ ಕೇಳೋಣ ಅಂದದ್ದು,” ಎಂದೆ.

ಅವರು ಆಲೋಚಿಸಿ ಪ್ರಬಂಧದ ಹೆಸರಿನಲ್ಲಿ ‘ಅಂತ್ಯ’ ಎಂದಿದ್ದದ್ದನ್ನು ಹೊಡೆದು ‘ಗೈರುಹಾಜರಿ’ ಎಂದು ಬರೆದುಕೊಟ್ಟರು. ಹಾಜರಿಗೆ ಇನ್ನು ಐದು ವಾರ ಇತ್ತು.

ನಾಜ್ನೀನ್ ಮತ್ತು ನಾನು ಅಳತೆಯಿಂದ ಶುರುಮಾಡಿದೆವು. ಹೊಂಡದ ಕಲ್ಲಿನಿಂದ ಕಾಲೇಜಿನ ಹಿಂಬಾಗಿಲಿನ ಹೊಸ್ತಿಲಿಗೆ ಓಣಿಯಲ್ಲಿ ನೇರವಾಗಿ ನೂರ ಇಪ್ಪತ್ತಾರು ಅಡಿ. ಅವಳು ಅಪ್ಪನ ಅಂಗಡಿಯ ಟೇಪು ತಂದಿದ್ದಳು. ಹುಳು ಒದ್ದೆ ನೆಲದ ಮೇಲೆ ಗಂಟೆಗೆ ಹನ್ನೆರಡು ಅಡಿ ಹೋಗುತ್ತದೆ. ಇದನ್ನು ನಾವು ಹೊಂಡದ ದಡದಲ್ಲಿ ಮೂರು ದಿನ ಮಣೆ ಹಾಕಿಕೊಂಡು ಕೂತು ನೋಡಿದೆವು. ಬಟ್ಟೆ ಒಗೆಯುವವರು ನಮಗೆ ಸೋಪಿನ ನೀರು ಸಿಡಿಯದಂತೆ ಆ ಮೂರು ದಿನ ಇನ್ನೊಂದು ದಡಕ್ಕೆ ಹೋದರು. ಅಂದರೆ ಹತ್ತೂವರೆ ಗಂಟೆಯ ದಾರಿ. ಪುಸ್ತಕ ತೆಗೆದು ನೋಡಿದರೆ ತೊಂಬತ್ತು ವರ್ಷವೂ ಅದು ಬಂದದ್ದು ನಾಲ್ಕೂವರೆಗೆ, ಹತ್ತು ನಿಮಿಷ ಹಿಂದೆ ಮುಂದೆ.

“ಎಷ್ಟು ಶಿಸ್ತು ನೋಡಿ ಆಂಟಿ,” ಎಂದಳು ನಾಜ್ನೀನ್. “ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ ಹೀಗೆ.”

ದಾರಿ ಅದೇ, ನಡಿಗೆ ಅದೇ, ಗಂಟೆ ಅದೇ. ಹಾಗಾದರೆ ಈ ಎರಡು ವರ್ಷ ಏನಾಯಿತು? ನಾವು ತಲೆ ಕೆಡಿಸಿಕೊಂಡು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದಾಗ ಚೌಡಮ್ಮ ಬಂದಳು. ಕಾಲೇಜಿನ ಅಂಗಳ ಗುಡಿಸುವವಳು, ಬೆಳಗಿನ ಐದಕ್ಕೆ ಬಂದರೆ ಸಂಜೆಯೇ ಹೋಗುವುದು. ನಾನು ಕೂರುವ ಮೆಟ್ಟಿಲನ್ನು ಅವಳು ದಿನವೂ ಒಂದು ಸಲ ಹೆಚ್ಚಾಗಿ ಒರೆಸುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ನನ್ನ ಫ್ಲಾಸ್ಕಿನ ಕಾಫಿಯಲ್ಲಿ ಅವಳಿಗೆ ಅರ್ಧ ಲೋಟ, ಅದು ನಮ್ಮಿಬ್ಬರ ಒಪ್ಪಂದ.

“ಏನ್ ಟೀಚರಮ್ಮ, ಹುಳ ಹುಡುಕ್ತಾ ಕುಂತಿದ್ದೀರಂತೆ ಹೊಂಡದಾಗೆ. ಓಣಿಯೆಲ್ಲಾ ಅದೇ ಮಾತು.”

“ಹೌದು ಚೌಡಮ್ಮ. ಕೆಂಪು ಬಾಯಿಯ ಬಸವನಹುಳು.”

“ಓ, ಅದಾ. ಪಾಪ, ದಾರಿ ತಪ್ಪಿ ಬರ್ತೈತಲ್ಲ, ಅದು.”

ನಾಜ್ನೀನ್ ಬರೆಯುವುದನ್ನು ನಿಲ್ಲಿಸಿದಳು. ನಾನು ಲೋಟವನ್ನು ಚೌಡಮ್ಮನ ಕೈಗೆ ಕೊಟ್ಟು, “ಎಲ್ಲಿಗೆ ಬರುತ್ತೆ?” ಎಂದು ಕೇಳಿದೆ.

“ಇಲ್ಲಿಗೇ. ಇದೇ ಮೆಟ್ಲಿಗೆ. ಹಾಜರಿ ಮಾರ್ನೆ ದಿನ ಬೆಳಿಗ್ಗೆ ಗುಡಿಸೋಕೆ ಬಂದ್ರೆ ಮುಚ್ಚಿದ ಬಾಗ್ಲ ಮುಂದೆ ಅಂಟ್ಕೊಂಡಿರ್ತೈತೆ. ಹೋದ ವರ್ಷಾನೂ ಇತ್ತು, ಅದರ ಹಿಂದಿನ ವರ್ಷಾನೂ ಇತ್ತು. ಪೊರಕೆಗೆ ಸಿಕ್ರೆ ಸತ್ತೋಗ್ತೈತೆ ಅಂತ ಸೆರಗಾಗೆ ಹಾಕ್ಕೊಂಡು ಹೊಂಡಕ್ಕೆ ಬಿಟ್ಟು ಬರ್ತೀನಿ.” ನಮ್ಮ ಮುಖ ನೋಡಿ ಅವಳ ಲೋಟ ಕೆಳಗಿಳಿಯಿತು. “ಯಾಕ್ರಮ್ಮ, ತಪ್ಪಾಯ್ತಾ? ನನ್ ಕೆಲ್ಸಕ್ಕೆ ಏನಾರ...”

“ಏನೂ ಆಗಲ್ಲ. ಕಾಫಿ ಕುಡಿ, ಆರುತ್ತೆ,” ಎಂದೆ. ಆ ಮಾತನ್ನು ನಾನು ಧೈರ್ಯ ತುಂಬುವುದಕ್ಕೆ ಆಡಿದ್ದಲ್ಲ. ಏನೂ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸವೆಂದು ಆಗಲೇ ನಿಶ್ಚಯಿಸಿದ್ದೆ.

ಹಾಗಾದರೆ ಹುಳು ಬರುತ್ತಿತ್ತು. ತಡವಾಗಿ ಬರುತ್ತಿತ್ತು, ಅಷ್ಟೇ. ಎರಡೇ ವರ್ಷದಿಂದ ಅದಕ್ಕೆ ಯಾಕೆ ತಡ? ಆ ರಾತ್ರಿ ನಾನು ಚೆನ್ನಾಗಿಯೇ ನಿದ್ದೆ ಮಾಡಿದೆ. ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ನೀರು ಹಾಕಿ, ರಂಗೋಲಿ ಡಬ್ಬಿಗೆ ಕೈ ಹಾಕಿದಾಗ ಉತ್ತರ ನನ್ನ ಬೆರಳಿಗೇ ಸಿಕ್ಕಿತು.

ಎರಡು ವರ್ಷದ ಕೆಳಗೆ, ಕಾಲೇಜಿಗೆ ಸೇರುವ ಮುಂಚೆ, ನಾನು ಓಣಿಯ ಮಹಿಳಾ ಸಮಾಜದ ಅಧ್ಯಕ್ಷೆಯಾಗಿದ್ದೆ. ಹಾಜರಿಗೆ ಬರುವ ಜೀವಗಳನ್ನು ಸ್ವಾಗತಿಸಲು ರಂಗೋಲಿ ಸ್ಪರ್ಧೆ ಇಡೋಣವೆಂದು ಸೂಚಿಸಿದವಳು ನಾನೇ. ಅದಕ್ಕೆ ಮುಂಚೆ ಓಣಿಯ ಏಳು ಮನೆಯವರೂ ಹೊಸ್ತಿಲ ಮುಂದೆ ಅಂಗೈಯಗಲದ್ದೊಂದು ಹಾಕುತ್ತಿದ್ದರು, ಅದೂ ಅಕ್ಕಿಹಿಟ್ಟಿನಲ್ಲಿ. ಸ್ಪರ್ಧೆ ಬಂದ ಮೇಲೆ ರಂಗೋಲಿಗಳು ಈ ಗೋಡೆಯಿಂದ ಆ ಗೋಡೆಯವರೆಗೆ ಹರಡಿದವು, ಎಳೆ ಸಣ್ಣಗೆ ಬರಲೆಂದು ಎಲ್ಲರೂ ಕಲ್ಲುಪುಡಿಗೆ ಬದಲಾದರು. ಮೊದಲ ವರ್ಷದ ಬಹುಮಾನವನ್ನು ನಾನೇ ಕೊಟ್ಟಿದ್ದೆ, ಸ್ಟೀಲಿನ ಹೂಬುಟ್ಟಿ.

ಪ್ರಯೋಗಾಲಯದಲ್ಲಿ ಒಂದು ಹುಳುವನ್ನು ತಟ್ಟೆಯ ನಡುವೆ ಬಿಟ್ಟು ಸುತ್ತ ಕಲ್ಲುಪುಡಿಯ ಗೆರೆ ಎಳೆದೆವು. ಅದು ಗೆರೆಯವರೆಗೆ ಬಂದು, ಕೊಂಬು ಮುಟ್ಟಿಸಿ, ಹಿಂದಕ್ಕೆ ತಿರುಗಿತು. ಹನ್ನೆರಡು ಸಲ ಎಳೆದೆವು, ಹನ್ನೆರಡು ಸಲವೂ ತಿರುಗಿತು. ಅಕ್ಕಿಹಿಟ್ಟಿನ ಗೆರೆಯನ್ನು ಎರಡು ನಿಮಿಷದಲ್ಲಿ ದಾಟಿತು. ಓಣಿ ಬಿಟ್ಟು ಮನೆಗಳ ಹಿಂದಿನ ಚರಂಡಿ ಸುತ್ತಿ ಬಂದರೆ ದಾರಿ ಇನ್ನೂರ ಹತ್ತು ಅಡಿಯೆಂದು ನಾಜ್ನೀನ್ ಅಳೆದು ಬಂದಳು. ಹದಿನೇಳೂವರೆ ಗಂಟೆ. ನಾವು ಸ್ವಾಗತಕ್ಕೆಂದು ಬಿಡಿಸಿದ ಚಿತ್ರಗಳನ್ನು ಆ ಜೀವ ಎರಡು ವರ್ಷ ಸುತ್ತು ಹಾಕಿಕೊಂಡು ಬಂದು, ಮುಚ್ಚಿದ ಬಾಗಿಲಿಗೆ ಅಂಟಿ ಕೂತಿತ್ತು.

ಮೇಷ್ಟ್ರ ಮುಂದೆ ವರದಿ ಇಟ್ಟಾಗ ಕಾರಣದ ಜಾಗದಲ್ಲಿ ಮೊದಲು ನನ್ನ ಹೆಸರು ಬರೆದಿದ್ದೆ, ಆಮೇಲೆ ಕಲ್ಲುಪುಡಿ. ಚೌಡಮ್ಮನ ಹೆಸರು ಇದ್ದದ್ದು ಕಾರಣದಲ್ಲಲ್ಲ, ಮಾಹಿತಿ ಕೊಟ್ಟವರ ಪಟ್ಟಿಯಲ್ಲಿ. ಅವರು ಎರಡು ಸಲ ಓದಿದರು. ಚೌಡಮ್ಮನನ್ನು ಕರೆಸಿದರು. ಅವಳು ಸೆರಗು ಹೊದ್ದು ಬಾಗಿಲಲ್ಲೇ ನಿಂತಳು.

“ಚೌಡಮ್ಮ, ಇನ್ನು ಮುಂದೆ ಮೆಟ್ಟಿಲ ಮೇಲೆ ಏನೇ ಸಿಕ್ಕರೂ ಎತ್ತಿಡೋ ಮುಂಚೆ ನನಗೊಂದು ಮಾತು ಹೇಳ್ತೀಯಾ?”

“ಹೇಳ್ತೀನಿ ಸಾರ್. ನೀವು ಹತ್ತು ಗಂಟೆಗೆ ಬರ್ತೀರಿ, ಅಲ್ಲೀಗಂಟ ಬಿಸಿಲಾಗೆ ಇಡ್ಲಾ?”

ಮೇಷ್ಟ್ರು ಉಗುರು ಕಡಿಯಲು ಹೋಗಿ, ನನ್ನನ್ನು ನೋಡಿ ಕೈ ಇಳಿಸಿದರು. “ನೆರಳಲ್ಲಿಡು,” ಎಂದರು.

ಮಹಿಳಾ ಸಮಾಜ ಅಷ್ಟು ಸುಲಭವಾಗಿರಲಿಲ್ಲ. ಎರಡು ವರ್ಷವೂ ಬಹುಮಾನ ಗೆದ್ದವರು ಪಂಕಜಮ್ಮ, ಓಣಿಯ ಐದನೇ ಮನೆಯವರು. ಈ ಸಲಕ್ಕೆ ಮೂರು ತಿಂಗಳಿಂದ ಪುಸ್ತಕದಲ್ಲಿ ಚುಕ್ಕಿ ಇಟ್ಟು ಅಭ್ಯಾಸ ಮಾಡುತ್ತಿದ್ದರು.

“ರೀ ಅಂಬುಜಾಕ್ಷಿ, ಸ್ಪರ್ಧೆ ತಂದೋರೂ ನೀವೇ, ಈಗ ನಿಲ್ಸಿ ಅನ್ನೋರೂ ನೀವೇ. ಕಾಲೇಜಿಗೆ ಹೋಗೋಕೆ ಶುರು ಮಾಡಿದ ಮೇಲೆ ನಮ್ಮ ಕೆಲಸ ನಿಮಗೆ ಸಣ್ಣದಾಗಿ ಕಾಣ್ತಿದೆ.”

“ನಿಲ್ಸಿ ಅನ್ನಲಿಲ್ಲ ಪಂಕಜಮ್ಮ. ಅಕ್ಕಿಹಿಟ್ಟಲ್ಲಿ ಹಾಕಿ ಅಂದೆ.”

“ಅಕ್ಕಿಹಿಟ್ಟಲ್ಲಿ ನವಿಲಿನ ಕಣ್ಣು ಬರುತ್ತಾ? ಹಿಟ್ಟು ಹಿಟ್ಟಾಗಿ ಕೂರುತ್ತೆ. ಒಂದು ಹುಳಕ್ಕೋಸ್ಕರ?”

“ತಪ್ಪು ನನ್ನದೇ,” ಎಂದೆ. “ಯಾರಿಗೆ ಸ್ವಾಗತ ಅಂತ ಬೋರ್ಡು ಹಾಕಿದೆನೋ ಅವರನ್ನ ಒಂದು ಮಾತು ಕೇಳಲಿಲ್ಲ. ಮಡಿವಾಳರ ಹೊಂಡ ಮುಚ್ಚಿದರೆ ಅದಕ್ಕೆ ಕಾರಣ ನಾನು. ಅದನ್ನ ಸರಿ ಮಾಡೋಕೆ ನನಗೆ ನೀವು ಏಳು ಮನೆಯವರು ಬೇಕು.”

 ಪಂಕಜಮ್ಮ ಎದ್ದು, “ಹಿಟ್ಟನ್ನ ಎರಡು ಸಲ ಜರಡಿ ಹಿಡೀಬೇಕಾಗುತ್ತೆ,” ಎಂದು ಗೊಣಗುತ್ತಾ ಹೊರಟರು. ಅದು ಒಪ್ಪಿಗೆ.

ಹಾಜರಿಯ ದಿನ ಬೆಳಿಗ್ಗೆ ಆರಕ್ಕೆ ಗಂಟೆ ಹೊಡೆಯಿತು. ಮೋಡವಿತ್ತು, ಮಳೆ ಇರಲಿಲ್ಲ, ನೆಲ ಹಿಂದಿನ ದಿನದ ಮಳೆಗೆ ತಂಪಾಗಿತ್ತು. ಓಣಿಯಲ್ಲಿ ಏಳು ರಂಗೋಲಿಗಳು ಗೋಡೆಯಿಂದ ಗೋಡೆಗೆ, ಎಲ್ಲವೂ ಅಕ್ಕಿಹಿಟ್ಟಿನವು. ಕಲ್ಲುಪುಡಿಗಿಂತ ಮೆತ್ತಗಿನ ಬಿಳುಪು. ಪಂಕಜಮ್ಮನ ನವಿಲಿಗೆ ಕಣ್ಣು ಬಂದಿತ್ತು. ಹಾಗೆಂದು ಹೇಳಿದೆ, ಅವರು ಕೇಳಿಸದವರಂತೆ ಇದ್ದರು. ಒಗೆಯುವ ಕಲ್ಲಿನಿಂದ ಒಂದು ಹುಳು ಇಳಿದು ಹೊರಟಿತು. ನಾವು ದೂರದಿಂದ ಹಿಂಬಾಲಿಸಿದೆವು. ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪನವರೂ ಬಂದರು. ಯಾರಾದರೂ ಎತ್ತಿಕೊಂಡು ಹೋಗದಂತೆ ನೋಡಲು ಬಂದಿದ್ದೇನೆಂದು ನೇರವಾಗಿಯೇ ಹೇಳಿದರು. ನನಗೊಂದು ಕುರ್ಚಿಯನ್ನೂ ತರಿಸಿದ್ದರು.

ಮೊದಲನೆಯ ಮನೆಯ ಮುಂದೆ ಹುಳು ಹಿಟ್ಟಿನ ಗೆರೆ ಮುಟ್ಟಿತು. ಕೊಂಬು ಆಡಿಸಿತು. ಆಮೇಲೆ ತಿನ್ನಲು ಶುರುಮಾಡಿತು.

ನಾವು ಕಾದೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ತಟ್ಟೆಯಲ್ಲಿ ಎರಡೇ ನಿಮಿಷಕ್ಕೆ ದಾಟಿದ ಹುಳು ನೆನಪಾಯಿತು. ಪ್ರಯೋಗದ ದಿನ ಬೆಳಿಗ್ಗೆ ನಾನೇ ಅದಕ್ಕೆ ಸೊಪ್ಪು ಹಾಕಿದ್ದೆ. ಹೊಟ್ಟೆ ತುಂಬಿದ ಹುಳುವಿನಿಂದ ತೆಗೆದ ಉತ್ತರವನ್ನು ಹಸಿದ ಹುಳುವಿಗೆ ಹೇಳಿದ್ದೆ. ಇದು ಈ ಶಾಸ್ತ್ರದಲ್ಲಿ ಮೊದಲ ವರ್ಷದವರು ಮಾಡುವ ತಪ್ಪು, ನಾನು ಎರಡನೇ ವರ್ಷದಲ್ಲಿ ಮಾಡಿದ್ದೆ. ಮೊದಲನೇ ರಂಗೋಲಿಗೆ ನಲವತ್ತು ನಿಮಿಷ ಹೋಯಿತು, ಎರಡನೆಯದಕ್ಕೆ ಮೂವತ್ತೈದು.

ನಾಜ್ನೀನ್ ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿದಳು. “ಆಂಟಿ, ಹೀಗೇ ಏಳು ಮನೆಯಲ್ಲೂ ಊಟ ಮಾಡಿಕೊಂಡು ಹೋದ್ರೆ ಎಂಟೂವರೆ ಆಗುತ್ತೆ.”

“ಇನ್ನು ಎಲ್ಲೂ ನಿಲ್ಲದಿದ್ದರೆ?”

“ಐದೂಮುಕ್ಕಾಲು.”

ಗುರುಶಾಂತಪ್ಪನವರು ಗಡಿಯಾರ ನೋಡಿಕೊಂಡರು. ಅವರಿಗೆ ಸಂತೋಷವಾಗಿತ್ತೆಂದು ಹೇಳಲಾರೆ. ಹುಳುವಿನ ಹಿಂದೆ ಮೂರು ತಾಸು ನಡೆದ ಮೇಲೆ ಯಾರೂ ಮೊದಲಿನಂತೆ ಇರುವುದಿಲ್ಲ.

ನಾನು ಕುರ್ಚಿಯಿಂದ ಎದ್ದೆ. ರಂಗೋಲಿ ತೊಳೆದುಬಿಡಿ ಎಂದು ಉಳಿದ ಐದು ಮನೆಯವರಿಗೂ ಹೇಳಬೇಕೆಂದು ಬಾಯಿ ತೆರೆದೆ. ಹೇಗೆ ಹೇಳುವುದು? ಕಲ್ಲುಪುಡಿ ಬೇಡ ಎಂದಿದ್ದೆ, ಹಿಟ್ಟು ಹಾಕಿ ಎಂದಿದ್ದೆ. ಅವರು ಬೆಳಗಿನ ಮೂರಕ್ಕೆ ಎದ್ದು ಹಾಕಿದ್ದರು. ಅಷ್ಟರಲ್ಲಿ ಮುಂದುಗಡೆ ಬಕೆಟ್ ಸದ್ದಾಯಿತು. ಐದನೇ ಮನೆಯ ಬಾಗಿಲಲ್ಲಿ ಪಂಕಜಮ್ಮ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. ನಾಜ್ನೀನಳ ಲೆಕ್ಕ ಅವರಿಗೆ ಹೇಗೆ ಕೇಳಿಸಿತೋ. ನವಿಲಿನ ಬಾಲದ ಮೇಲೆ ಮೊದಲ ತಂಬಿಗೆ ನೀರು ಬಿತ್ತು.

“ಏನ್ ನೋಡ್ತಿದ್ದೀರಾ? ಮೂರನೇ ಮನೆ ಇನ್ನೂ ತೊಳೆದಿಲ್ಲ. ಅದು ಮೊದಲು ಅಲ್ಲಿಗೇ ತಾನೆ ಬರೋದು,” ಎಂದರು ನಮ್ಮೆಲ್ಲರಿಗೂ. ನವಿಲಿನ ಕುತ್ತಿಗೆಯವರೆಗೆ ಬೇಗ ಬೇಗ ಹಾಕಿದರು. ಕಣ್ಣಿನ ಹತ್ತಿರ ಒಂದು ಗಳಿಗೆ ತಡೆದು, ಅದನ್ನೂ ತೊಳೆದರು.

ಮೂರು, ನಾಲ್ಕು, ಆರು, ಏಳು. ಹುಳು ಹೋಗುವುದಕ್ಕೆ ಮುಂಚೆ ಐದು ರಂಗೋಲಿಗಳೂ ಚರಂಡಿ ಸೇರಿದವು. ಯಾರೋ ಗುರುಶಾಂತಪ್ಪನವರನ್ನು ಕೇಳಿದರು, “ಇದು ನಿಯಮಕ್ಕೆ ಬರುತ್ತಾ ಅಧ್ಯಕ್ಷರೇ?”

“ಅವರವರ ಬಾಗಿಲು ಅವರವರು ತೊಳ್ಕೊಂಡ್ರೆ ಪುರಸಭೆ ಏನು ಹೇಳುತ್ತೆ?” ಎಂದರು ಅವರು. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದು ನೆಲ ಆರತೊಡಗಿದಾಗ ಮೂರನೇ ಮನೆಯ ನಲ್ಲಿಯ ಕೆಳಗೆ ಬಕೆಟ್ ಇಟ್ಟು, ತುಂಬುವವರೆಗೆ ನಿಂತದ್ದೂ ಅವರೇ. ಶಾಲಿನ ತುದಿ ಒದ್ದೆಯಾಯಿತು.

ಒಳಾಂಗಣದಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಬಂದಿದ್ದರು. ಹಿಂಬಾಗಿಲು ಸಣ್ಣದು, ಒಬ್ಬರು ಬಗ್ಗಿ ಬರುವಷ್ಟು. ಐದು ಗಂಟೆ ಐವತ್ತು ನಿಮಿಷಕ್ಕೆ ಹುಳು ಮೆಟ್ಟಿಲು ಹತ್ತಿ ಹೊಸ್ತಿಲ ನಡುವೆ ಬಂದಿತು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು, ಕೆಂಪಂಚನ್ನು ಬಗ್ಗಿ ನೋಡಿ, ಗುರುತು ಹಾಕಿ, ಹೊತ್ತು ಬರೆದರು. ಆರಾಧ್ಯ ಮೇಷ್ಟ್ರು ಎದ್ದು ನಿಂತಿದ್ದರು, ನಾನು ಸಂದರ್ಶನಕ್ಕೆ ಹೋದ ದಿನ ನಿಂತಂತೆಯೇ. ಹೊರಗೆ ಓಣಿಯಲ್ಲಿ ಬಟ್ಟೆ ಒಗೆಯುವವರ ಮನೆಯವರೊಬ್ಬರು ಮುಖ ಒರೆಸಿಕೊಂಡರು. ಯಾರೂ ಕೂಗಲಿಲ್ಲ, ಹುಳು ಹೆದರೀತೆಂದು ಎಲ್ಲರಿಗೂ ಅನಿಸಿರಬೇಕು.

ಅದು ಹೊಸ್ತಿಲ ಮೇಲೆಯೇ ಚಿಪ್ಪಿನೊಳಗೆ ಸೇರಿಕೊಂಡು ವಿಶ್ರಾಂತಿಗೆ ಕೂತುಬಿಟ್ಟಿತು.

ಇನ್ನು ಉಳಿದದ್ದು ಕೊನೆಯ ಹೆಸರು. ಗುರುಶಾಂತಪ್ಪನವರು ನನ್ನ ಪಕ್ಕದಲ್ಲೇ, ಬಾಗಿಲ ಹೊರಗೆ ನಿಂತಿದ್ದರು. ಹುಳುವನ್ನು ದಾಟಿಕೊಂಡು ಹೋಗುವಂತಿಲ್ಲ, ಎತ್ತಿ ಪಕ್ಕಕ್ಕಿಡುವಂತಿಲ್ಲ. ಮುಂಬಾಗಿಲಿಗೆ ಸುತ್ತಿ ಹೋಗಲು ಅವರ ನಡಿಗೆಗೆ ಕಾಲು ಗಂಟೆ ಬೇಕು. ಇನ್ನೇನು ಏಳುತ್ತದೆಂದು ಕಾದರು. ಅದು ಏಳಲಿಲ್ಲ.

“ಮನುಷ್ಯ,” ಎಂದು ಮೇಷ್ಟ್ರು ಒಳಗಿನಿಂದ ಕರೆದರು.

ಮುಂಗುಸಿ ತಲೆ ಎತ್ತಿತು. ಬಾವಿಯ ಕಟ್ಟೆಯ ಮೇಲಿದ್ದ ಕೆಂಬೂತ ಈ ಕಡೆ ತಿರುಗಿತು. ಗಂಟೆಯ ಹಗ್ಗ ಹಿಡಿದವನು ಗಡಿಯಾರ ನೋಡುತ್ತಿದ್ದ.

“ಮನುಷ್ಯ,” ಎಂದು ಎರಡನೇ ಸಲ ಕರೆದರು. ಮೂರನೇ ಸಲ ಕರೆಯುವ ಪದ್ಧತಿ ಇಲ್ಲ.

ಒಳಾಂಗಣದಲ್ಲಿ ಮೇಷ್ಟ್ರು, ಗುಮಾಸ್ತರು, ಹಗ್ಗ ಹಿಡಿದವನು ಇದ್ದರು, ಆದರೆ ಅವರು ಎಣಿಸುವವರು. ಎಣಿಸುವವರಲ್ಲದೆ ಅಲ್ಲಿ ಇದ್ದವಳು ಚೌಡಮ್ಮ ಒಬ್ಬಳೇ, ಕಂಬದ ಹತ್ತಿರ, ಕೈಯಲ್ಲಿ ಪೊರಕೆ. ಅವಳು ಬಾಗಿಲಾಚೆಯಿಂದ ನನ್ನನ್ನು ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಅಧ್ಯಕ್ಷರನ್ನು ನೋಡಿದಳು. ಗುರುಶಾಂತಪ್ಪನವರು ಒದ್ದೆ ಶಾಲನ್ನು ಹೆಗಲಿನಿಂದ ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. “ಹೋಗಮ್ಮ,” ಎಂದರು.

ಚೌಡಮ್ಮ ಪೊರಕೆಯನ್ನು ಕಂಬಕ್ಕೆ ಒರಗಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗಳದ ನಡುವೆ ಬಂದು ನಿಂತಳು.

“ಬಂದೀನಿ ಸಾರ್.”

ಗುಮಾಸ್ತರು ಗುರುತು ಹಾಕಿದರು. ಪೆನ್ನು ಮುಂದಿನ ಕಾಲಮ್ಮಿಗೆ ಬಂದು ನಿಂತಿತು. “ಬಂದದ್ದು ಎಷ್ಟು ಗಂಟೆಗೆ?”

“ಬೆಳಿಗ್ಗೆ ಐದಕ್ಕೆ. ಗುಡಿಸೋಕೆ.”

ಅವರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು, “ಹೇಳಿದ್ದನ್ನ ಬರೀರಿ,” ಎಂದರು. ಗುಮಾಸ್ತರು ಬರೆದರು. ಆಮೇಲೆ ಗಂಟೆ ಹೊಡೆಯಿತು.

ಪ್ರಬಂಧಕ್ಕೆಂದು ನಾನು ತೊಂಬತ್ತೆರಡು ಪುಸ್ತಕಗಳನ್ನೂ ತಿರುವಿ ನೋಡಿದ್ದೇನೆ. ಕೊನೆಯ ಸಾಲಿನಲ್ಲಿ ಎಂದೂ ಸಂಜೆ ಐದೂವರೆಗಿಂತ ಮುಂಚಿನ ಹೊತ್ತಿಲ್ಲ. ತೊಂಬತ್ಮೂರನೆಯ ಪುಸ್ತಕದಲ್ಲಿ ಮಾತ್ರ ಮನುಷ್ಯ ಎಲ್ಲರಿಗಿಂತ ಮೊದಲು, ಗಂಟೆ ಹೊಡೆಯುವುದಕ್ಕೂ ಒಂದು ತಾಸು ಮುಂಚೆ ಬಂದು, ಬರುವವರಿಗಾಗಿ ಅಂಗಳ ಗುಡಿಸಿ ಇಟ್ಟಿದ್ದಾನೆ.